‘ರಾಜೀನಾಮೆ ಕೊಡಿ, ಇಲ್ಲದಿದ್ದರೆ ಮನೆಗೆ ತಿಳಿಸಬೇಕಾಗುತ್ತದೆ’ ಎಂದು ಎಚ್‌ಆರ್ ಹೇಳಿದರೆ ಏನು ಮಾಡಬೇಕು?

ಪ್ರಶ್ನೆ: ನನಗೆ 31 ವರ್ಷ. ಬೆಂಗಳೂರಿನ ಒಂದು ಖಾಸಗಿ ಸಾಫ್ಟ್‌ವೇರ್ ಕಂಪನಿಯಲ್ಲಿ ನಾಲ್ಕು ವರ್ಷ ಎಂಟು ತಿಂಗಳಿಂದ ಕೆಲಸದಲ್ಲಿದ್ದೇನೆ. ಮಾತೃಸಂಸ್ಥೆ ಅಮೆರಿಕದ್ದು. ಹುದ್ದೆಯ ಹೆಸರು ಟೀಮ್ ಲೀಡ್. ನಾನು ಸಲಿಂಗಿ, ಮನೆಯಲ್ಲಿ ಗೊತ್ತಿಲ್ಲ. ಕಂಪನಿಯ ಗುಂಪು ಆರೋಗ್ಯ ವಿಮೆಗೆ ನನ್ನ ಜೊತೆಗಾರನನ್ನು ಸೇರಿಸಬಹುದೇ ಎಂದು ಎಚ್‌ಆರ್‌ಗೆ ಇಮೇಲ್ ಮಾಡಿದ್ದೆ. ಎರಡು ವಾರ ಕಳೆಯುವಷ್ಟರಲ್ಲಿ ಮ್ಯಾನೇಜರ್‌ಗೆ ವಿಷಯ ಗೊತ್ತಾಗಿತ್ತು. ಟೀಮಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಗೇಲಿ ಶುರುವಾಯಿತು, ಗ್ರಾಹಕರ ಮೀಟಿಂಗುಗಳಿಂದ ನನ್ನನ್ನು ಕೈಬಿಟ್ಟರು. ಪ್ರತಿ ವರ್ಷ ಒಳ್ಳೆಯ ರೇಟಿಂಗ್ ಬರುತ್ತಿತ್ತು, ಈ ಸಲ ಎಲ್ಲರಿಗಿಂತ ಕಡಿಮೆ. ಈಗ 60 ದಿನದ ಪಿಐಪಿಗೆ (ಗುರಿ ಕೊಟ್ಟು ಕೆಲಸ ಸುಧಾರಿಸಿಕೊಳ್ಳಲು ಹೇಳುವ ಯೋಜನೆ) ಹಾಕಿದ್ದಾರೆ. ಮೊನ್ನೆ ಮ್ಯಾನೇಜರ್ ಮತ್ತು ಎಚ್‌ಆರ್ ಅಧಿಕಾರಿ ನನ್ನನ್ನು ಕರೆದು, ‘ನೀವೇ ರಾಜೀನಾಮೆ ಕೊಟ್ಟರೆ ರಿಲೀವಿಂಗ್ ಲೆಟರ್ ಚೆನ್ನಾಗಿ ಕೊಡುತ್ತೇವೆ. ಇಲ್ಲದಿದ್ದರೆ ಟರ್ಮಿನೇಷನ್. ಕಾರಣ ಏನೆಂದು ಮನೆಯವರಿಗೂ ಹೇಳಬೇಕಾಗುತ್ತದೆ’ ಎಂದರು. ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮು ರದ್ದಾಗಿದೆಯಲ್ಲ, ಹಾಗಿದ್ದರೆ ಇವರು ಮಾಡುತ್ತಿರುವುದು ಅಪರಾಧವಲ್ಲವೇ? ಆಂತರಿಕ ದೂರು ಸಮಿತಿಗೆ ಹೋಗಬಹುದೇ? ಅಮೆರಿಕದ ಕಾನೂನು ನನಗೆ ಅನ್ವಯಿಸುತ್ತದೆಯೇ? ಕೇಸು ಹಾಕಿದರೆ ಊರಿಗೆಲ್ಲ ಗೊತ್ತಾಗುತ್ತದೆ ಎಂಬ ಭಯ ಒಂದು ಕಡೆ, ಸುಮ್ಮನೆ ಬಿಟ್ಟುಹೋಗಲು ಮನಸ್ಸಿಲ್ಲ ಇನ್ನೊಂದು ಕಡೆ.

ಉತ್ತರ: ಎಲ್ಲಕ್ಕಿಂತ ಮೊದಲು ಒಂದು ಮಾತು. ರಾಜೀನಾಮೆಗೆ ಸಹಿ ಹಾಕಬೇಡಿ, ಎಚ್‌ಆರ್ ಪೋರ್ಟಲ್‌ನಲ್ಲಿ ಆ ಗುಂಡಿಯನ್ನು ಒತ್ತಲೂಬೇಡಿ. ಸ್ವಇಚ್ಛೆಯಿಂದ ಬಿಟ್ಟೆ ಎಂಬ ಒಂದು ಸಾಲು ಕಂಪನಿಯ ಕೈಗೆ ಸಿಕ್ಕರೆ ನಿಮಗಿರುವ ಪರಿಹಾರದ ದಾರಿಗಳಲ್ಲಿ ಹೆಚ್ಚಿನವು ಅಲ್ಲಿಗೇ ಮುಚ್ಚುತ್ತವೆ. ಬಲವಂತದಿಂದ ಬರೆಸಿಕೊಂಡರು ಎಂದು ಆಮೇಲೆ ಸಾಬೀತು ಮಾಡುವ ಹೊರೆ ಪೂರ್ತಿ ನಿಮ್ಮ ಮೇಲೆ ಬೀಳುತ್ತದೆ. ಟರ್ಮಿನೇಷನ್ ಪತ್ರ ಎಂದರೆ ಎಲ್ಲರಿಗೂ ಭಯ. ಆದರೆ ಅದರಲ್ಲಿ ಕಂಪನಿ ಕಾರಣ ಬರೆಯಬೇಕು, ಬರೆದ ಕಾರಣವನ್ನು ಸಮರ್ಥಿಸಿಕೊಳ್ಳಬೇಕು. ಅವರು ಟರ್ಮಿನೇಟ್ ಮಾಡದೆ ನಿಮ್ಮಿಂದಲೇ ರಾಜೀನಾಮೆ ಕೇಳುತ್ತಿರುವುದು ಇದಕ್ಕಾಗಿಯೇ.

ಆ ಮೀಟಿಂಗ್ ಆಗಿ ಕೆಲವೇ ದಿನವಾಗಿದ್ದರೆ ಇವತ್ತೇ ಒಂದು ಇಮೇಲ್ ಕಳಿಸಿ. ಸಿಟ್ಟು ಬೇಡ, ವಿಶೇಷಣ ಬೇಡ. ‘ಇಂಥ ದಿನ, ಇಷ್ಟು ಗಂಟೆಗೆ, ಇಂಥ ಕೋಣೆಯಲ್ಲಿ ನೀವಿಬ್ಬರೂ ನನ್ನೊಂದಿಗೆ ಮಾತಾಡಿದಿರಿ. ರಾಜೀನಾಮೆ ಕೊಡಲು ಹೇಳಿದಿರಿ. ಕೊಡದಿದ್ದರೆ ನನ್ನ ಖಾಸಗಿ ವಿಷಯವನ್ನು ಕುಟುಂಬದವರಿಗೆ ತಿಳಿಸುವುದಾಗಿ ಹೇಳಿದಿರಿ. ನಾನು ರಾಜೀನಾಮೆ ಕೊಡುತ್ತಿಲ್ಲ. ನನ್ನ ಗ್ರಹಿಕೆ ತಪ್ಪಿದ್ದರೆ ದಯವಿಟ್ಟು ಲಿಖಿತವಾಗಿ ತಿಳಿಸಿ.’ ಇಷ್ಟು ಸಾಕು. ಅವರು ಉತ್ತರಿಸಿದರೂ ದಾಖಲೆ, ಉತ್ತರಿಸದೆ ಸುಮ್ಮನಿದ್ದರೂ ದಾಖಲೆ. ಇಲ್ಲಿ ‘ನನ್ನ ಖಾಸಗಿ ವಿಷಯ’ ಎಂದಷ್ಟೇ ಬರೆದಿರುವುದನ್ನು ಗಮನಿಸಿ, ಅದರ ಉಪಯೋಗ ಮುಂದೆ ಹೇಳುತ್ತೇನೆ. ಕಚೇರಿಯ ಇಮೇಲ್ ಯಾವ ಕ್ಷಣದಲ್ಲಾದರೂ ಬಂದ್ ಆಗಬಹುದು, ಆದ್ದರಿಂದ ನಿಮ್ಮ ಸ್ವಂತ ವಿಳಾಸಕ್ಕೂ ಒಂದು ಪ್ರತಿ ಹಾಕಿಕೊಳ್ಳಿ.

ಈಗ ಕಾನೂನು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ನೋಡೋಣ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಕೊಟ್ಟ ನವತೇಜ್ ಸಿಂಗ್ ಜೋಹರ್ ತೀರ್ಪು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು ಹಳೆಯ ಭಾರತೀಯ ದಂಡ ಸಂಹಿತೆಯ 377ನೇ ಕಲಮಿನಿಂದ ಹೊರಗಿಟ್ಟಿತು. ಆ ಸಂಹಿತೆಯ ಜಾಗದಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮೇ ಇಲ್ಲ. ಹೀಗಾಗಿ ‘ನೀತಿಬಾಹಿರ ನಡತೆ’, ‘ಕಾನೂನುಬಾಹಿರ ಚಟುವಟಿಕೆ’ ಎಂದೆಲ್ಲ ಬರೆದು ನಿಮ್ಮನ್ನು ತೆಗೆದರೆ ಆ ಕಾರಣ ನಿಲ್ಲುವುದಿಲ್ಲ. ಆದರೆ ಒಂದು ನಡತೆ ಅಪರಾಧವಲ್ಲ ಎಂದಾದ ಮಾತ್ರಕ್ಕೆ, ಅದರ ಕಾರಣದಿಂದ ಕೆಲಸದಲ್ಲಿ ತಾರತಮ್ಯ ಮಾಡುವುದು ಅಪರಾಧವಾಗಿಬಿಡುವುದಿಲ್ಲ. ಸಂವಿಧಾನದ 15ನೇ ವಿಧಿಯಲ್ಲಿ ಬರುವ ‘ಲಿಂಗ’ದಲ್ಲಿ ಲೈಂಗಿಕ ಒಲವೂ ಸೇರುತ್ತದೆ ಎಂಬ ಮಾತು ಆ ತೀರ್ಪಿನಲ್ಲಿ ಬಂದಿದೆ, ಅದು ದೊಡ್ಡ ಮಾತು. ಆದರೆ 15 ಮತ್ತು 16ನೇ ವಿಧಿಗಳು ಮುಖ್ಯವಾಗಿ ಕಟ್ಟಿಹಾಕುವುದು ಸರ್ಕಾರವನ್ನು. ಸರ್ಕಾರಿ ನೌಕರರಿಗೆ, ಸಾರ್ವಜನಿಕ ವಲಯದ ಉದ್ದಿಮೆಗಳಲ್ಲಿ ಇರುವವರಿಗೆ ನೇರವಾಗಿ ಹೈಕೋರ್ಟಿನ ಬಾಗಿಲು ಇದೆ. ಸಲಿಂಗ ಸಂಬಂಧದ ಕಾರಣ ಕೊಟ್ಟು ಒಬ್ಬ ಹೋಮ್‌ಗಾರ್ಡ್‌ನನ್ನು ತೆಗೆದುಹಾಕಿದ್ದ ಆದೇಶವನ್ನು ಅಲಹಾಬಾದ್ ಹೈಕೋರ್ಟ್ 2021ರಲ್ಲಿ ರದ್ದು ಮಾಡಿದೆ. ಖಾಸಗಿ ಕಂಪನಿಯ ವಿರುದ್ಧ ಅದೇ ದಾರಿ ಸಾಮಾನ್ಯವಾಗಿ ತೆರೆಯುವುದಿಲ್ಲ.

ಖಾಸಗಿ ವಲಯದಲ್ಲಿ ಲೈಂಗಿಕ ಒಲವಿನ ಆಧಾರದ ತಾರತಮ್ಯವನ್ನು ನೇರವಾಗಿ ನಿಷೇಧಿಸುವ ಕೇಂದ್ರ ಕಾನೂನು ಭಾರತದಲ್ಲಿ ಇಲ್ಲ. ಇದು ಅನ್ಯಾಯ, ತುಂಬಲೇಬೇಕಾದ ಕೊರತೆ. ಆದರೆ ಇದನ್ನು ನಿಮ್ಮಿಂದ ಮುಚ್ಚಿಟ್ಟರೆ ನಿಮಗೇ ನಷ್ಟ. ‘ನಾನು ಸಲಿಂಗಿ ಎಂಬ ಕಾರಣಕ್ಕೆ ತೆಗೆದರು’ ಎಂಬ ಒಂದೇ ವಾಕ್ಯದ ಮೇಲೆ ಇಡೀ ಹೋರಾಟ ಕಟ್ಟಿದವರು, ವಾಕ್ಯ ನಿಜವಾಗಿದ್ದರೂ, ಅದನ್ನು ಹಿಡಿಯುವ ಕಲಮು ಸಿಗದೆ ಸೋಲುತ್ತಾರೆ. ನಿಮ್ಮ ಪ್ರಕರಣದಲ್ಲಿ ಕಾನೂನಿನ ಕಣ್ಣಿಗೆ ಸ್ಪಷ್ಟವಾಗಿ ಕಾಣುವ ಬೇರೆ ತಪ್ಪುಗಳು ಇವೆ. ನಂಬಿ ಕೊಟ್ಟ ಮಾಹಿತಿ ಸೋರಿದೆ, ಬೆದರಿಕೆ ಹಾಕಿದ್ದಾರೆ, ಬಲವಂತದ ರಾಜೀನಾಮೆ ಕೇಳುತ್ತಿದ್ದಾರೆ, ಕಾರಣವಿಲ್ಲದೆ ತೆಗೆಯಲು ಹೊರಟಿದ್ದಾರೆ. ಅವುಗಳ ಮೇಲೆ ನಿಲ್ಲಿ.

ನಿಮ್ಮ ಇತರ ಊಹೆಗಳ ವಿಷಯ. ಮಾತೃಸಂಸ್ಥೆ ಅಮೆರಿಕದ್ದಾದರೂ ಅಲ್ಲಿನ ಕಾನೂನು ನಿಮ್ಮ ಹಿಂದೆ ಬರುವುದಿಲ್ಲ. ಲೈಂಗಿಕ ಒಲವಿನ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2020ರ ಜೂನ್ 15ರಂದು ಬೋಸ್ಟಾಕ್ ಪ್ರಕರಣದಲ್ಲಿ ಹೇಳಿದ್ದು ನಿಜ. ಆದರೆ ಭಾರತದಲ್ಲಿ ಕೆಲಸ ಮಾಡುವ ಭಾರತೀಯ ಪ್ರಜೆಗೆ ಆ ಕಾನೂನಿನ ರಕ್ಷಣೆ ಸಿಗುವುದಿಲ್ಲ. ನಿಮಗೆ ಉಪಯೋಗಕ್ಕೆ ಬರುವುದು ಮಾತೃಸಂಸ್ಥೆಯ ಜಾಗತಿಕ ನೀತಿಸಂಹಿತೆ. ಅದರಲ್ಲಿ ಲೈಂಗಿಕ ಒಲವಿನ ಹೆಸರು ಇದೆಯೇ, ಅದು ಅಂಗಸಂಸ್ಥೆಗಳಿಗೂ ಅನ್ವಯ ಎಂದು ಬರೆದಿದೆಯೇ, ನಿಮ್ಮ ನೇಮಕಾತಿ ಪತ್ರ ‘ಕಂಪನಿಯ ನೀತಿಗಳಿಗೆ ಒಳಪಟ್ಟು’ ಎನ್ನುತ್ತದೆಯೇ ಎಂದು ನೋಡಿ. ಮೂರೂ ಇದ್ದರೆ ಮಾತೃಸಂಸ್ಥೆಯ ಎಥಿಕ್ಸ್ ಹಾಟ್‌ಲೈನ್‌ಗೆ ದೂರು ಕೊಡುವುದು ಒಳ್ಳೆಯ ಹೆಜ್ಜೆ. ಸ್ಥಳೀಯ ಎಚ್‌ಆರ್ ತನ್ನ ಮೇಲಿನ ದೂರನ್ನು ತಾನೇ ವಿಚಾರಿಸುವುದು ಆಗ ತಪ್ಪುತ್ತದೆ.

ಆಂತರಿಕ ದೂರು ಸಮಿತಿ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಡಿ ರಚನೆಯಾಗುವಂಥದ್ದು. ಆ ಕಾಯ್ದೆಯಲ್ಲಿ ದೂರುದಾರರು ಮಹಿಳೆಯೇ ಆಗಿರಬೇಕು. ಆರೋಪಿಯ ಲಿಂಗ ಯಾವುದಾದರೂ ಆಗಬಹುದು, ಒಬ್ಬ ಮಹಿಳೆ ಇನ್ನೊಬ್ಬ ಮಹಿಳೆಯ ವಿರುದ್ಧ ಕೊಟ್ಟ ದೂರೂ ಊರ್ಜಿತ ಎಂದು ಕಲ್ಕತ್ತಾ ಹೈಕೋರ್ಟ್ 2020ರಲ್ಲಿ ಹೇಳಿದೆ. ಹಾಗಾಗಿ ಇದೇ ಗೇಲಿ ಒಬ್ಬ ಸಲಿಂಗಿ ಮಹಿಳೆಯ ಮೇಲೆ ನಡೆದಿದ್ದರೆ, ಅದು ಲೈಂಗಿಕ ಸ್ವರೂಪದ್ದಾಗಿದ್ದರೆ, ಮೂರು ತಿಂಗಳೊಳಗೆ ಸಮಿತಿಗೆ ಹೋಗಿ ಎನ್ನುತ್ತಿದ್ದೆ. ಪುರುಷರಾದ ನಿಮಗೆ ಕಾಯ್ದೆ ಆ ಹಕ್ಕು ಕೊಟ್ಟಿಲ್ಲ. ಆದರೆ ಅನೇಕ ಕಂಪನಿಗಳು ತಮ್ಮ ಆಂತರಿಕ ನೀತಿಯನ್ನು ಎಲ್ಲ ಲಿಂಗದವರಿಗೂ ಅನ್ವಯಿಸುವಂತೆ ಬರೆದುಕೊಂಡಿರುತ್ತವೆ. ನಿಮ್ಮ ಕಂಪನಿಯ ನೀತಿಯ ಪಠ್ಯ ತೆಗೆದು ‘ನೌಕರ’ ಎಂದಿದೆಯೋ ‘ಮಹಿಳಾ ನೌಕರ’ ಎಂದಿದೆಯೋ ಓದಿ.

ಇದನ್ನು ಓದುತ್ತಿರುವ ಟ್ರಾನ್ಸ್‌ಜೆಂಡರ್ ನೌಕರರಿಗೆ ಸ್ಥಿತಿ ಬೇರೆ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ಸಂರಕ್ಷಣಾ ಕಾಯ್ದೆಯ 9ನೇ ಕಲಮು ನೇಮಕಾತಿ, ಬಡ್ತಿ ಮುಂತಾದ ಯಾವ ವಿಷಯದಲ್ಲೂ ತಾರತಮ್ಯ ಮಾಡುವಂತಿಲ್ಲ ಎನ್ನುತ್ತದೆ, ಅದು ಖಾಸಗಿ ಸಂಸ್ಥೆಗಳಿಗೂ ಅನ್ವಯ. 11ನೇ ಕಲಮಿನ ಪ್ರಕಾರ ಪ್ರತಿ ಸಂಸ್ಥೆಯೂ ಒಬ್ಬ ದೂರು ಅಧಿಕಾರಿಯನ್ನು ನೇಮಿಸಬೇಕು. 2020ರ ನಿಯಮಗಳಂತೆ ಆ ಅಧಿಕಾರಿ ದೂರು ಬಂದ 15 ದಿನದೊಳಗೆ ವಿಚಾರಣೆ ಮಾಡಬೇಕು, ವರದಿ ಬಂದ 15 ದಿನದೊಳಗೆ ಸಂಸ್ಥೆಯ ಮುಖ್ಯಸ್ಥರು ಕ್ರಮ ಕೈಗೊಳ್ಳಬೇಕು. ಕೊರತೆ ಇಲ್ಲೂ ಇದೆ: 9ನೇ ಕಲಮು ಮುರಿದವರಿಗೆ ಏನು ಶಿಕ್ಷೆ ಎಂದು ಕಾಯ್ದೆ ಹೇಳಿಲ್ಲ. ಹಾಗಿದ್ದರೂ 2025ರ ಅಕ್ಟೋಬರ್‌ನಲ್ಲಿ ಜೇನ್ ಕೌಶಿಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಖಾಸಗಿ ಶಾಲೆಗಳಲ್ಲಿ ಕೆಲಸ ಕಳೆದುಕೊಂಡ ಶಿಕ್ಷಕಿಗೆ ಪರಿಹಾರ ಕೊಡಿಸಿತು, ಕಾಯ್ದೆಯನ್ನು ಜಾರಿಗೊಳಿಸದ ಸರ್ಕಾರಗಳನ್ನೂ ತರಾಟೆಗೆ ತೆಗೆದುಕೊಂಡಿತು. ಸಲಿಂಗಿ ಎಂಬ ಕಾರಣಕ್ಕೆ ಮಾತ್ರ ಒಬ್ಬರು ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ.

ಇನ್ನು ನಿಮ್ಮ ಕೈಯಲ್ಲಿ ಏನಿದೆ? ಮೊದಲನೆಯದು ಮಾಹಿತಿಯ ಸೋರಿಕೆ. 2011ರ ಮಾಹಿತಿ ತಂತ್ರಜ್ಞಾನ ನಿಯಮಗಳು ‘ಸೂಕ್ಷ್ಮ ವೈಯಕ್ತಿಕ ಮಾಹಿತಿ’ಯ ಪಟ್ಟಿಯಲ್ಲಿ ಪಾಸ್‌ವರ್ಡ್, ಬ್ಯಾಂಕ್ ವಿವರ, ಆರೋಗ್ಯ ಸ್ಥಿತಿಯ ಜೊತೆಗೆ ಲೈಂಗಿಕ ಒಲವನ್ನೂ ಹೆಸರು ಹಿಡಿದು ಸೇರಿಸಿವೆ. ಒಂದು ಉದ್ದೇಶಕ್ಕೆ ಪಡೆದ ಮಾಹಿತಿಯನ್ನು ಅದೇ ಉದ್ದೇಶಕ್ಕೆ ಬಳಸಬೇಕು ಎಂಬುದೂ ಅಲ್ಲಿದೆ. ನೀವು ವಿಮೆಗಾಗಿ ತಿಳಿಸಿದ್ದು ಮ್ಯಾನೇಜರ್‌ಗೆ ಹೋಗುವ ಅಗತ್ಯವೇ ಇರಲಿಲ್ಲ. ಕಂಪನಿ ಒಬ್ಬ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ, ಅವರ ಹೆಸರನ್ನು ವೆಬ್‌ಸೈಟಿನಲ್ಲಿ ಹಾಕಬೇಕು, ಅವರು ಒಂದು ತಿಂಗಳಲ್ಲಿ ದೂರು ಇತ್ಯರ್ಥ ಮಾಡಬೇಕು. ಅವರಿಗೆ ಒಂದೇ ಪ್ರಶ್ನೆ ಬರೆಯಿರಿ: ಇಂಥ ದಿನ ನಾನು ಎಚ್‌ಆರ್‌ಗೆ ಕಳಿಸಿದ ಇಮೇಲ್‌ನ ಮಾಹಿತಿ ಯಾರ್‍ಯಾರಿಗೆ, ಯಾವ ಉದ್ದೇಶಕ್ಕೆ ಹೋಯಿತು? ಇಮೇಲ್ ಯಾರು ತೆರೆದರು, ಯಾರು ಫಾರ್ವರ್ಡ್ ಮಾಡಿದರು ಎಂಬುದು ಸರ್ವರಿನಲ್ಲಿ ದಾಖಲಾಗಿರುತ್ತದೆ. ಆ ದಾಖಲೆಯನ್ನು ಅಳಿಸದೆ ಉಳಿಸಿಕೊಳ್ಳಬೇಕೆಂದೂ ಅದೇ ಪತ್ರದಲ್ಲಿ ಕೇಳಿ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಹಂತಹಂತವಾಗಿ ಜಾರಿಯಾಗುತ್ತಿರುವುದರಿಂದ ಈ ಭಾಗದಲ್ಲಿ ನಿಯಮಗಳು ಬದಲಾಗಲಿವೆ, ನೋಟಿಸ್ ಕಳಿಸುವ ದಿನ ಯಾವುದು ಜಾರಿಯಲ್ಲಿದೆ ಎಂದು ವಕೀಲರು ನೋಡಿಕೊಳ್ಳಬೇಕು.

ಎರಡನೆಯದು ಬೆದರಿಕೆ. ಕಾನೂನುಬದ್ಧವಾಗಿ ಮಾಡಬೇಕಿಲ್ಲದ ಕೆಲಸವನ್ನು ಮಾಡಿಸಲು ಒಬ್ಬರ ಮಾನಕ್ಕೆ ಹಾನಿ ಮಾಡುವುದಾಗಿ ಹೆದರಿಸುವುದು ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಮಿನಡಿ ಅಪರಾಧ, ಎರಡು ವರ್ಷದವರೆಗೆ ಶಿಕ್ಷೆ ಇದೆ. ಆದರೆ ಇದು ಅಸಂಜ್ಞೇಯ ಅಪರಾಧ. ಪೊಲೀಸರು ದೂರನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ, ತನಿಖೆಗೆ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಠಾಣೆಯಲ್ಲಿ ಸೂಕ್ಷ್ಮತೆ ಸಿಗುತ್ತದೆ ಎಂಬ ಭರವಸೆ ಕೊಡಲಾರೆ. ನನ್ನ ಅಭಿಪ್ರಾಯದಲ್ಲಿ ಮೊದಲು ವಕೀಲರ ಮೂಲಕ ಈ ಕಲಮನ್ನು ಉಲ್ಲೇಖಿಸಿ ನಿರ್ದೇಶಕರ ಹೆಸರಿಗೆ ಲೀಗಲ್ ನೋಟಿಸ್ ಹೋಗಬೇಕು. ಮನೆಗೆ ಹೇಳುತ್ತೇವೆ ಎಂದು ಬಾಯಲ್ಲಿ ಹೇಳುವ ಧೈರ್ಯ, ವೈಯಕ್ತಿಕವಾಗಿ ಕ್ರಿಮಿನಲ್ ಹೊಣೆ ಬರುತ್ತದೆ ಎಂದು ತಿಳಿದ ಮೇಲೆ ಸಾಮಾನ್ಯವಾಗಿ ಉಳಿಯುವುದಿಲ್ಲ.

ಮೂರನೆಯದು ಕೆಲಸದ ರಕ್ಷಣೆ. ಇಲ್ಲಿ ಎಲ್ಲವೂ ನಿಂತಿರುವುದು ಒಂದು ಪ್ರಶ್ನೆಯ ಮೇಲೆ: ಕಾನೂನಿನ ದೃಷ್ಟಿಯಲ್ಲಿ ನೀವು ‘ಕಾರ್ಮಿಕ’ರೋ ಅಲ್ಲವೋ? ಸಾಫ್ಟ್‌ವೇರ್‌ನವರಿಗೆ ಕಾರ್ಮಿಕ ಕಾನೂನು ಇಲ್ಲ ಎಂಬ ನಂಬಿಕೆ ತುಂಬ ಹರಡಿದೆ, ಅದು ತಪ್ಪು. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ತಾಂತ್ರಿಕ ಕೆಲಸ ಮಾಡುವವರೂ ಕಾರ್ಮಿಕರೇ, ಸಂಬಳ ಎಷ್ಟೇ ಇರಲಿ. ಹೊರಗುಳಿಯುವವರು ಮುಖ್ಯವಾಗಿ ವ್ಯವಸ್ಥಾಪಕ ಅಥವಾ ಆಡಳಿತಾತ್ಮಕ ಕೆಲಸ ಮಾಡುವವರು ಮತ್ತು ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಪಡೆಯುವ ಮೇಲ್ವಿಚಾರಕರು. ‘ಟೀಮ್ ಲೀಡ್’ ಎಂಬ ಹೆಸರು ಇದನ್ನು ತೀರ್ಮಾನಿಸುವುದಿಲ್ಲ, ನೀವು ದಿನವೂ ನಿಜವಾಗಿ ಮಾಡುವ ಕೆಲಸ ತೀರ್ಮಾನಿಸುತ್ತದೆ. ಟೀಮಿನವರ ರಜೆ ಮಂಜೂರು ಮಾಡುವವರು ಯಾರು? ರೇಟಿಂಗ್ ಅಂತಿಮಗೊಳಿಸುವವರು ಯಾರು? ಯಾರನ್ನಾದರೂ ನೇಮಿಸುವ, ಶಿಸ್ತು ಕ್ರಮ ಕೈಗೊಳ್ಳುವ ಅಧಿಕಾರ ನಿಮಗಿದೆಯೇ? ಇವೆಲ್ಲ ಮ್ಯಾನೇಜರ್ ಕೈಯಲ್ಲಿದ್ದು, ನೀವು ದಿನದ ಬಹುಪಾಲು ಕೋಡ್ ಬರೆಯುವುದು, ಟಿಕೆಟ್ ಮುಗಿಸುವುದು ಮಾಡುತ್ತಿದ್ದರೆ ಕಾರ್ಮಿಕ ಎಂದು ವಾದಿಸಲು ಗಟ್ಟಿ ನೆಲ ಇದೆ. ಕಳೆದ ಒಂದು ವರ್ಷದಲ್ಲಿ ಏನೇನು ಮಾಡಿದಿರಿ ಎಂದು ಈಗಲೇ, ನೆನಪು ಹಸಿಯಾಗಿರುವಾಗ, ತಿಂಗಳುವಾರು ಬರೆದಿಡಿ.

ಇಷ್ಟೊಂದು ಒತ್ತಿ ಹೇಳಲು ಕಾರಣವಿದೆ. ಕಾರ್ಮಿಕರಾದರೆ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಮುಂದೆ, ಅಲ್ಲಿಂದ ನ್ಯಾಯಮಂಡಳಿಗೆ ಹೋಗಿ ಹಳೆಯ ಕೆಲಸವನ್ನೇ ಮರಳಿ ಕೇಳಬಹುದು. ಎರಡು ವರ್ಷದೊಳಗೆ ಹೋಗಬೇಕು. ಕಾರ್ಮಿಕರಲ್ಲ ಎಂದಾದರೆ ಉಳಿಯುವುದು ಸಿವಿಲ್ ಕೋರ್ಟ್. ಅದು ಖಾಸಗಿ ನೌಕರಿಯನ್ನು ಮರಳಿ ಕೊಡಿಸುವುದಿಲ್ಲ, ಪರಿಹಾರ ಕೊಡಿಸುತ್ತದೆ. ಆ ಪರಿಹಾರ ಅನೇಕ ಸಲ ನೋಟಿಸ್ ಅವಧಿಯ ಸಂಬಳದ ಆಸುಪಾಸಿನಲ್ಲೇ ನಿಲ್ಲುತ್ತದೆ, ವರ್ಷಗಳು ಮಾತ್ರ ಕಳೆಯುತ್ತವೆ. ಇವೆರಡರ ಜೊತೆಗೆ ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯೂ ಇದೆ. ಆರು ತಿಂಗಳು ಸತತ ಸೇವೆ ಮಾಡಿದವರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡದೆ ತೆಗೆಯುವಂತಿಲ್ಲ, ತೆಗೆದರೆ ಮೇಲ್ಮನವಿ ಸಲ್ಲಿಸಬಹುದು. ವ್ಯವಸ್ಥಾಪಕ ಸ್ಥಾನದಲ್ಲಿ ಇರುವವರಿಗೆ ಇದೂ ಅನ್ವಯಿಸುವುದಿಲ್ಲ.

ಈಗ ನಿಮ್ಮ ದೊಡ್ಡ ಭಯಕ್ಕೆ ಬರೋಣ, ಕೇಸು ಹಾಕಿದರೆ ಎಲ್ಲರಿಗೂ ಗೊತ್ತಾಗುತ್ತದೆಯೇ? ಮೇಲೆ ಹೇಳಿದ ಮೂರು ದಾರಿಗಳಲ್ಲಿ ಯಾವುದಕ್ಕೂ ನೀವು ಸಲಿಂಗಿ ಎಂದು ಅರ್ಜಿಯಲ್ಲಿ ಬರೆಯುವ ಅಗತ್ಯವಿಲ್ಲ. ‘ವಿಮೆಗಾಗಿ ಕೊಟ್ಟ ಖಾಸಗಿ ಮಾಹಿತಿ’, ‘ನನ್ನ ಖಾಸಗಿ ಬದುಕಿನ ಬಗ್ಗೆ ಹಾಕಿದ ಬೆದರಿಕೆ’, ‘ಬಲವಂತದ ರಾಜೀನಾಮೆ ಯತ್ನ’ ಎಂದರೆ ಸಾಕಾಗುತ್ತದೆ. ಎದುರು ಪಕ್ಷ ಅದನ್ನು ಬಾಯಿಬಿಟ್ಟು ಹೇಳಿದರೆ ಸೋರಿಕೆಯನ್ನು ತಾನೇ ಒಪ್ಪಿಕೊಂಡಂತಾಗುತ್ತದೆ. ಆದರೂ ಅಪಾಯ ಸೊನ್ನೆಯಲ್ಲ. ವಾಟ್ಸ್ಆ್ಯಪ್ ಸಂದೇಶಗಳನ್ನು ಸಾಕ್ಷ್ಯವಾಗಿ ಕೊಟ್ಟಾಗ ವಿಷಯ ಕಡತ ಸೇರುತ್ತದೆ. ಹೆಸರು ಗೋಪ್ಯವಾಗಿಡಲು, ಬಾಗಿಲು ಮುಚ್ಚಿ ವಿಚಾರಣೆ ನಡೆಸಲು ಕೇಳಿಕೊಳ್ಳಬಹುದು. ಕೊಡುವುದು ಬಿಡುವುದು ನ್ಯಾಯಾಧೀಶರ ವಿವೇಚನೆ. ಎಷ್ಟು ದೂರ ಹೋಗಬೇಕು ಎಂಬುದನ್ನು ನೀವೇ ನಿರ್ಧರಿಸಬೇಕು. ಲೀಗಲ್ ನೋಟಿಸ್ ಮತ್ತು ಸಂಧಾನದ ಹಂತದಲ್ಲಿ ಕಡತ ಸಾರ್ವಜನಿಕವಾಗುವ ಸಂಭವ ಕಡಿಮೆ. ಬಹಳಷ್ಟು ವಿವಾದಗಳು ಮುಗಿಯುವುದೂ ಅಲ್ಲೇ.

ಸಾಕ್ಷ್ಯ ಸಂಗ್ರಹಿಸುವಾಗ ನೌಕರರು ಪದೇಪದೇ ಮಾಡುವ ತಪ್ಪೊಂದಿದೆ. ಗಾಬರಿಯಲ್ಲಿ ಕಚೇರಿಯ ಕಡತಗಳನ್ನೆಲ್ಲ ಸ್ವಂತ ಇಮೇಲ್‌ಗೆ ಕಳಿಸಿಬಿಡುತ್ತಾರೆ. ಅದರಲ್ಲಿ ಗ್ರಾಹಕರ ಒಂದು ದಾಖಲೆ ಇದ್ದರೂ ಕಂಪನಿಗೆ ‘ಗೋಪ್ಯತೆ ಉಲ್ಲಂಘನೆ’ ಎಂಬ ಹೊಸ, ನಿಜವಾದ ಕಾರಣ ಸಿಕ್ಕಿಬಿಡುತ್ತದೆ. ನಿಮ್ಮದೇ ಆದವನ್ನು ಮಾತ್ರ ಇಟ್ಟುಕೊಳ್ಳಿ: ನೇಮಕಾತಿ ಪತ್ರ, ಸಂಬಳ ಚೀಟಿ, ಎಲ್ಲ ವರ್ಷಗಳ ಅಪ್ರೈಸಲ್ ಪತ್ರ, ಪಿಐಪಿ ಪತ್ರ, ವಿಮೆಯ ಬಗ್ಗೆ ನೀವು ಬರೆದ ಇಮೇಲ್. ವಾಟ್ಸ್ಆ್ಯಪ್ ಚಾಟನ್ನು ಪೂರ್ತಿಯಾಗಿ ಎಕ್ಸ್‌ಪೋರ್ಟ್ ಮಾಡಿ. ಬೇಕಾದ ಸಾಲಷ್ಟೇ ಇರುವ ಸ್ಕ್ರೀನ್‌ಶಾಟ್ ಅನ್ನು ‘ಹಿಂದೆಮುಂದೆ ಕತ್ತರಿಸಿದ್ದು’ ಎಂದು ತಳ್ಳಿಹಾಕುವುದು ಸುಲಭ. ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಡಿಜಿಟಲ್ ಸಾಕ್ಷ್ಯಕ್ಕೆ ಪ್ರಮಾಣಪತ್ರ ಬೇಕು, ಅದರಲ್ಲಿ ಮೂಲ ಸಾಧನದ ವಿವರವನ್ನೂ ಕೊಡಬೇಕು. ನೀವೇ ಭಾಗಿಯಾದ ಮಾತುಕತೆಯ ಧ್ವನಿಮುದ್ರಣ ಅಪರಾಧವಲ್ಲ, ಆದರೆ ಕಂಪನಿಯ ನೀತಿ ಅದನ್ನು ನಿಷೇಧಿಸಿದ್ದರೆ ಶಿಸ್ತು ಕ್ರಮದ ನೆಪವಾಗಬಹುದು, ನೀತಿ ಓದಿ ನಿರ್ಧರಿಸಿ. ಇವೆಲ್ಲದರ ಮೇಲೆ ಒಂದು ಪುಟದ ದಿನಾಂಕಪಟ್ಟಿ ಮಾಡಿ. ವಿಮೆಯ ಇಮೇಲ್, ಮೊದಲ ಗೇಲಿ, ಮೀಟಿಂಗಿನಿಂದ ಕೈಬಿಟ್ಟ ದಿನ, ರೇಟಿಂಗ್, ಪಿಐಪಿ ಒಂದರ ಕೆಳಗೊಂದು ಬಂದಾಗ ಆ ಹಾಳೆಯೇ ಮಾತಾಡುತ್ತದೆ.

ಪಿಐಪಿಯನ್ನು ನಿರ್ಲಕ್ಷಿಸಬೇಡಿ. ಪ್ರತಿ ಗುರಿಯನ್ನೂ ಅಳೆಯುವ ಮಾನದಂಡ ಏನು ಎಂದು ಲಿಖಿತವಾಗಿ ಕೇಳಿ, ಪ್ರತಿ ವಾರದ ಪರಿಶೀಲನೆಯ ನಂತರ ಆದದ್ದನ್ನು ಇಮೇಲ್ ಮಾಡಿ. ‘ಗ್ರಾಹಕರೊಂದಿಗೆ ಸಂವಹನ ಸುಧಾರಿಸಬೇಕು’ ಎಂಬ ಗುರಿ ಇದ್ದು, ಗ್ರಾಹಕರ ಮೀಟಿಂಗಿಗೇ ಬಿಡುತ್ತಿಲ್ಲವಾದರೆ ಆ ವಿರೋಧವನ್ನು ಅದೇ ದಿನ ಬರೆದು ದಾಖಲಿಸಿ.

ಹೋರಾಡಿ ಅಲ್ಲೇ ಉಳಿಯುವುದು ಒಂದೇ ಗೌರವದ ದಾರಿ ಎಂದು ನಾನು ಭಾವಿಸುವುದಿಲ್ಲ. ಅಲ್ಲಿ ಉಸಿರುಗಟ್ಟುತ್ತಿದ್ದರೆ ಒಳ್ಳೆಯ ಷರತ್ತುಗಳ ಮೇಲೆ ಹೊರಬರುವುದೂ ಗೆಲುವೇ. ಆದರೆ ಮಾತುಕತೆ ವಕೀಲರ ನೋಟಿಸ್ ಹೋದ ನಂತರ ನಡೆಯಲಿ, ಮೊದಲಲ್ಲ. ನಿಮಗೆ ಐದು ವರ್ಷ ತುಂಬಲು ನಾಲ್ಕು ತಿಂಗಳು ಬಾಕಿ ಇದೆ, ಗ್ರ್ಯಾಚ್ಯುಟಿಯ ಮೊತ್ತವನ್ನು ಒಪ್ಪಂದದಲ್ಲಿ ಸೇರಿಸಿ ಕೇಳಿ. ಅನುಭವ ಪತ್ರದ ನಿಖರ ಪದಗಳು ಒಪ್ಪಂದದ ಜೊತೆಗೇ ಲಗತ್ತಾಗಲಿ. ಕಂಪನಿಯ ವ್ಯವಸ್ಥೆಯಲ್ಲಿ ‘ಮರುನೇಮಕಕ್ಕೆ ಅರ್ಹ’ ಎಂದು ನಮೂದಾಗಬೇಕು, ಮುಂದಿನ ಕಂಪನಿಯ ಹಿನ್ನೆಲೆ ಪರಿಶೀಲನೆಯವರು ಹೆಚ್ಚಾಗಿ ಕೇಳುವುದು ಇದನ್ನೇ. ನಿಮ್ಮ ಖಾಸಗಿ ಮಾಹಿತಿಯನ್ನು ಯಾರಿಗೂ ಹೇಳುವುದಿಲ್ಲ ಎಂಬ ಷರತ್ತು ಕಂಪನಿಯನ್ನು ಮಾತ್ರವಲ್ಲ, ಆ ಮ್ಯಾನೇಜರ್ ಮತ್ತು ಎಚ್‌ಆರ್ ಅಧಿಕಾರಿಯನ್ನೂ ಹೆಸರು ಹಿಡಿದು ಕಟ್ಟಬೇಕು. ವೇತನ ಸಂಹಿತೆಯ ಪ್ರಕಾರ ಕೆಲಸ ಬಿಟ್ಟ ಎರಡು ಕೆಲಸದ ದಿನಗಳೊಳಗೆ ಬಾಕಿ ವೇತನ ಕೊಡಬೇಕು, ‘ಫುಲ್ ಅಂಡ್ ಫೈನಲ್ 45 ದಿನ’ ಎಂಬ ಹಳೆಯ ರೂಢಿಗೆ ತಲೆಬಾಗಬೇಕಿಲ್ಲ.

ವಿಮೆಯ ವಿಷಯ ಚುಟುಕಾಗಿ. ಸುಪ್ರೀಂ ಕೋರ್ಟಿನ 2023ರ ಅಕ್ಟೋಬರ್ 17ರ ಸುಪ್ರಿಯೋ ತೀರ್ಪು ಸಲಿಂಗ ವಿವಾಹದ ಹಕ್ಕನ್ನು ಒಪ್ಪಲಿಲ್ಲ, ಆದ್ದರಿಂದ ಜೊತೆಗಾರನನ್ನು ಸಂಗಾತಿಯಾಗಿ ಸೇರಿಸಿ ಎಂದು ಹಕ್ಕಿನಿಂದ ಕೇಳಲಾಗದು. ಗುಂಪು ವಿಮೆ ಕಂಪನಿ ಮತ್ತು ವಿಮಾಸಂಸ್ಥೆಯ ನಡುವಿನ ಒಪ್ಪಂದ, ಅವರು ಒಪ್ಪಿದರೆ ಸೇರಿಸಬಹುದು. ಜಂಟಿ ಬ್ಯಾಂಕ್ ಖಾತೆ ತೆರೆಯಲು, ಅದಕ್ಕೆ ಜೊತೆಗಾರನನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದು ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟ್‌ನಲ್ಲೇ ಸ್ಪಷ್ಟಪಡಿಸಿದೆ.

ವಕೀಲರನ್ನು ಹುಡುಕುವಾಗ ಕಾರ್ಮಿಕ ಕಾನೂನಿನಲ್ಲಿ ನಿತ್ಯ ಕೆಲಸ ಮಾಡುವವರನ್ನು ಹುಡುಕಿ. ಅವರ ವೈಯಕ್ತಿಕ ಧೋರಣೆ ತಿಳಿಯಲು ಮೊದಲ ಭೇಟಿಯಲ್ಲಿ ಹೆಸರು ಹೇಳದೆ ಪ್ರಕರಣದ ರೂಪುರೇಷೆ ಹೇಳಿ ನೋಡಿ. ಮುಖ ಸಿಂಡರಿಸಿದರೆ ಎದ್ದು ಬನ್ನಿ. ಶುಲ್ಕ ಕೈಗೆಟುಕದಿದ್ದರೆ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100ಕ್ಕೆ ಕರೆ ಮಾಡಿ, ಉಚಿತ ವಕೀಲರಿಗೆ ನೀವು ಅರ್ಹರೇ ಎಂದು ತಿಳಿಸುತ್ತಾರೆ. ರಾತ್ರಿ ನಿದ್ದೆ ಬಾರದಷ್ಟು ಒತ್ತಡವಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ವಕೀಲರ ಬಳಿ ಹೋಗುವಾಗ ದಿನಾಂಕಪಟ್ಟಿ, ನೇಮಕಾತಿ ಪತ್ರ, ಕೊನೆಯ ಮೂರು ಅಪ್ರೈಸಲ್, ಪಿಐಪಿ ಪತ್ರ, ರಾಜೀನಾಮೆ ಕೊಡುತ್ತಿಲ್ಲ ಎಂದು ನೀವು ಬರೆದ ಇಮೇಲ್, ಇಷ್ಟನ್ನು ಮುದ್ರಿಸಿ ತೆಗೆದುಕೊಂಡು ಹೋಗಿ. ಫೋನನ್ನೂ ಜೊತೆಗಿಟ್ಟುಕೊಳ್ಳಿ.